ಬಡಿಯದೆ ಒಳಗೆ ತಂದ ಹಾಸಿಗೆ

ಅಕ್ಟೋಬರ್ 9, ಗುರುವಾರ

ಅಜುಕಿ ಹೊಸಿಲು ದಾಟಿದ ಬೆಕ್ಕಲ್ಲ. ಅವಳಿಗೆಂದೇ ಕಿಟಕಿಗೆಲ್ಲ ಜಾಲರಿ ಹಾಕಿಸಿದ್ದೆ. ಆದರೂ ಕಣಜದ ಹುಳು ಮನೆಯೊಳಗೆ ಬಂತು. ತಂದವಳು ನಾನೇ, ಬಾಲ್ಕನಿಯಲ್ಲಿ ಬಿಸಿಲಿಗೆ ಹಾಕಿದ್ದ ಹಾಸಿಗೆಯ ಮಡಿಕೆಯಲ್ಲಿ.

ಮೂವತ್ತು ವರ್ಷ ಹಾಸಿಗೆಯನ್ನು ಕೋಲಿನಿಂದ ಬಡಿದೇ ಒಳಗೆ ತರುತ್ತಿದ್ದೆ. ಹೋದ ತಿಂಗಳು ಕೆಳಮನೆಯ ಕುವಬಾರಾ ಅವರು ಬಂದು, ಸೊಂಟ ಬಾಗಿಸಿ, "ಬೇಜಾರಾಗ್ಬೇಡಿ ಇಸೊಬೆ ಅವ್ರೆ, ಧೂಳೆಲ್ಲ ನಮ್ಮ ಬಟ್ಟೆ ಮೇಲೆ ಬೀಳುತ್ತೆ" ಅಂದರು. ಅಂದಿನಿಂದ ಬಡಿಯುವುದು ಬಿಟ್ಟೆ. ನನ್ನ ಮರ್ಯಾದೆಗಿಷ್ಟು ಬೆಂಕಿ ಬೀಳಲಿ.

ಬಿಸಿಲು ಕುಡಿದ ಹಾಸಿಗೆ ಎಂದರೆ ಅಜುಕಿಗೆ ಪ್ರಾಣ. ಹಾಸುವ ಮೊದಲೇ ಏರಿ ಕೂತಳು. ಮಡಿಕೆಯಲ್ಲಿ ಏನೋ ಅಲುಗಿದ್ದಕ್ಕೆ ಬಾಯಿ ಹಾಕಿದಳು. ಗಂಟಲೊಳಗೇ ಕುಟುಕಿತು. ಆಸ್ಪತ್ರೆ ಮುಟ್ಟುವ ಮೊದಲೇ, ಟ್ಯಾಕ್ಸಿಯಲ್ಲಿ, ನನ್ನ ತೊಡೆಯ ಮೇಲೆ ಉಸಿರು ನಿಂತಿತು.

ಸಂಜೆ ಕುವಬಾರಾ ಅವರು ದ್ರಾಕ್ಷಿ ಹಿಡಿದು ಬಂದರು. "ಈಗ ಧೂಳೇ ಇಲ್ಲ. ತುಂಬಾ ಉಪಕಾರ ಆಯ್ತು ನಿಮ್ಮಿಂದ."

"ಅಯ್ಯೋ, ಅದಕ್ಕೇನಂತೆ ಬಿಡಿ" ಎಂದು ನಾನೂ ಬಾಗಿದೆ.

ಅವರು ನನ್ನ ಹೆಗಲಾಚೆ ಇಣುಕಿದರು. "ಅಜುಕಿ ಎಲ್ಲಿ, ಕಾಣ್ತಾನೇ ಇಲ್ಲ?"

"ಹಾಸಿಗೆ ಮೇಲೆ ಮಲಗಿದ್ದಾಳೆ" ಅಂದೆ.

ಸುಳ್ಳೇನಲ್ಲ. ಟ್ಯಾಕ್ಸಿಯಿಂದ ವಾಪಸ್ ತಂದು ಆ ಹಾಸಿಗೆಯ ಮೇಲೇ ಮಲಗಿಸಿದ್ದೆ. ಇನ್ನೂ ಅಲ್ಲೇ ಇದ್ದಾಳೆ. ನಾನು ಮಾತ್ರ ಈ ರಾತ್ರಿ ಎಲ್ಲಿ ಮಲಗಲಿ?