ಬದುಕಿದ್ದೇನೆ ಅನ್ನುವುದಕ್ಕೊಂದು ಲಿಂಕ್

ಮನೆ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಂಡು,

ನಿನ್ನಮ್ಮನ ಆಶೀರ್ವಾದ. ಹೇಗಿದ್ದೀಯಾ? ಹೊಟ್ಟೆಗೆ ಏನಾದರೂ ತಿನ್ನುತ್ತಿದ್ದೀಯೋ ಇಲ್ಲವೋ? ಬೇಜಾರಾದರೆ ಊಟ ಬಿಟ್ಟು, ತಲೆ ಬಾಚದೆ, ಮೂಲೆ ಹಿಡಿದು ಕೂರುವುದು ನಿನ್ನ ಹಳೇ ಚಾಳಿ. ಈಗ ದೊಡ್ಡ ಮನೆ, ಮೂಲೆಗಳೂ ಜಾಸ್ತಿ. ನಿನ್ನ ಫೋನು ಸ್ವಿಚ್ ಆಫ್ ಆಗಿದೆ ಎಂದು ಒಬ್ಬ ಹೆಂಗಸು ದಿನವೂ ಬೆಳಗಿನಿಂದ ಸಂಜೆಯವರೆಗೂ ನನಗೆ ಹೇಳುತ್ತಲೇ ಇದ್ದಾಳೆ. ಪಾಪ, ಅವಳಿಗೂ ಸಾಕಾಗಿರಬೇಕು. ಅದಕ್ಕೇ ಕಾಗದ ಬರೆಯಲು ಕೂತೆ. ನಿನ್ನ ಗೇಟಿನ ಮುಂದೆ ಕ್ಯಾಮೆರಾದವರ ಸಂತೆಯೇ ನೆರೆದಿರುವುದನ್ನು ಟಿವಿಯಲ್ಲಿ ನೋಡಿದೆ. ಅಂಚೆಯವನನ್ನಾದರೂ ಒಳಗೆ ಬಿಟ್ಟಾರು. ನಾನು ಚೆನ್ನಾಗಿದ್ದೇನೆ. ಸೊಂಟನೋವು ಇದ್ದೇ ಇದೆ, ಅದಿಲ್ಲದಿದ್ದರೆ ನನಗೇ ಏನೋ ಕಳೆದುಕೊಂಡ ಹಾಗೆ ಆಗುತ್ತದೆ. ಹಾಗೆ ನೋಡಿದರೆ ನಾನು ಸತ್ತು ಬಹಳ ವರ್ಷವಾಯಿತಂತೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೀನು ಟಿವಿಯಲ್ಲಿ ನಡೆಸಿಕೊಡುವ ಅಡುಗೆ ಸ್ಪರ್ಧೆಯ ಕಾರ್ಯಕ್ರಮವನ್ನು ನಾನು ಯಾವಾಗಲೂ ಪಕ್ಕದ ಮನೆಯ ಟೈಲರಕ್ಕನ ಜೊತೆ ಕೂತು ನೋಡುವುದು ನಿನಗೆ ಗೊತ್ತು. ಅವತ್ತೂ ಹಾಗೇ ಕೂತಿದ್ದೆ. ಸ್ಪರ್ಧೆಗೆ ಬಂದಿದ್ದ ಆ ಹುಡುಗಿ, ಪಾತ್ರೆಯ ತಳ ಸೀದು ಹೊಗೆಯೇಳುತ್ತಿದ್ದರೂ ಗೊತ್ತಾಗದೆ ನಿಂತಿದ್ದಳು. ತನ್ನ ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆಂದು ಸ್ವಲ್ಪ ಮುಂಚೆ ತಾನೇ ಹೇಳಿದ್ದಳು. ನೀನು ನಗುತ್ತಾ, ‘ಕಂಡೋರ ಕೊಳೆ ಒಗೆಯೋರ ಮನೇಲಿ ಬೆಳೆದೋರಿಗೆ ಮೂಗು ಎಲ್ಲಿರುತ್ತೆ ಬಿಡಿ’ ಅಂದುಬಿಟ್ಟೆ. ಟೈಲರಕ್ಕ ಹೊಲಿಯುತ್ತಿದ್ದ ಮಿಷನ್ ನಿಂತಿತು. ನನಗೆ ಮಾತ್ರ ನಗು ಬಂತು ಕಣೇ. ಅದು ನಮ್ಮ ಮನೆಯ ಮಾತಲ್ಲವಾ? ಆಸ್ಪತ್ರೆಯ ಲಾಂಡ್ರಿಯಲ್ಲಿ ಬ್ಲೀಚಿಂಗ್ ಪುಡಿಯ ಘಾಟು ಕುಡಿದೂ ಕುಡಿದೂ ನನ್ನ ಮೂಗು ಸತ್ತೇ ಹೋಗಿತ್ತು. ಒಲೆಯ ಪಕ್ಕದಲ್ಲೇ ನಿಂತಿದ್ದರೂ ಹಾಲು ಸೀದದ್ದು ತಿಳಿಯುತ್ತಿರಲಿಲ್ಲ. ನೀನು ಹೊರಗಿನಿಂದ ಓಡಿಬಂದು ‘ಕೊಳೆ ಒಗೆಯೋರಿಗೆ ಮೂಗೇ ಇಲ್ಲಪ್ಪಾ’ ಎಂದು ಕುಣಿಯುತ್ತಿದ್ದೆ, ನಾನು ಸೌಟು ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದೆ. ನೀನು ಆಡಿಕೊಂಡದ್ದು ನಿನ್ನನ್ನೇ, ನನ್ನನ್ನೇ. ಅದು ನನಗೆ ಆ ಕ್ಷಣವೇ ಗೊತ್ತಾಯಿತು. ಆದರೆ ಅಷ್ಟರಲ್ಲಿ ಆ ಹುಡುಗಿಯ ಮುಖ ತೋರಿಸಿದರು, ನನ್ನ ನಗು ಹಾರಿಹೋಯಿತು. ಮನೆಯೊಳಗೆ ನನ್ನನ್ನು ಅಂದರೆ ತಮಾಷೆ. ಅಷ್ಟು ಜನರೆದುರು ಇನ್ನೊಬ್ಬರ ಮಗಳನ್ನು ಅಂದರೆ ಅದು ತಮಾಷೆಯಲ್ಲ ಗುಂಡು, ತಪ್ಪು. ನಿನ್ನ ಸುತ್ತ ಇರುವವರು ಇದನ್ನು ನಿನಗೆ ಹೇಳಿರಲಾರರು, ಅದಕ್ಕೇ ನಾನು ಹೇಳುತ್ತಿದ್ದೇನೆ. ಅಲ್ಲೇ ಆ ಹುಡುಗಿಯ ಕೈ ಹಿಡಿದು ‘ತಪ್ಪಾಯ್ತು ಕಣಮ್ಮಾ, ನಮ್ಮಮ್ಮನೂ ಅದೇ ಕೆಲಸದೋಳು’ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಮುಗಿಯಲು ಬಿಡುವವರು ಯಾರು? ಮರುದಿನದಿಂದ ಶುರುವಾಯಿತು ನೋಡು. ಟೈಲರಕ್ಕ ತನ್ನ ಫೋನಿನಲ್ಲಿ ಒಂದೊಂದಾಗಿ ಓದಿ ಹೇಳುತ್ತಿದ್ದಳು, ನಾನು ಬೇಡ ಬೇಡ ಅನ್ನುತ್ತಲೇ ಕಿವಿ ಕೊಡುತ್ತಿದ್ದೆ. ‘ನಟಿ ಹೇಳಿದ್ದೇನು ಗೊತ್ತಾ? ಕೇಳಿದರೆ ಬೆಚ್ಚಿಬೀಳ್ತೀರಿ’ ಎಂದು ಮೇಲೆ ಬರೆದಿರುತ್ತಾರೆ. ಒಳಗೆ ಹೋದರೆ ನೀನು ಹುಟ್ಟಿದ್ದು, ಓದಿದ್ದು, ಮೊದಲ ಧಾರಾವಾಹಿ, ನಡುನಡುವೆ ಸೋಪಿನ ಜಾಹೀರಾತು. ನೀನು ಹೇಳಿದ್ದು ಮಾತ್ರ ಎಲ್ಲೋ ಕೊನೆಯಲ್ಲಿ ಅರ್ಧ ಸಾಲು. ಬೆಚ್ಚಿಬೀಳಲು ಕಾದು ಕಾದು ನಮಗೆ ಆಕಳಿಕೆ ಬರುತ್ತಿತ್ತು. ‘ರೊಚ್ಚಿಗೆದ್ದ ಜನ’ ಎಂದು ಇನ್ನೊಬ್ಬರು ಹಾಕಿದರು. ಆ ಜನ ಯಾರೆಂದು ನೋಡಿದರೆ ಮುಖವಿಲ್ಲದ ಯಾರೋ ಇಬ್ಬರು ಕೆಳಗೆ ಬೈದು ಬರೆದದ್ದು. ಅದನ್ನೇ ನೋಡಿ ಮತ್ತೊಬ್ಬರು, ಅವರನ್ನು ನೋಡಿ ಮಗದೊಬ್ಬರು. ಒಬ್ಬರ ತಪ್ಪಕ್ಷರವನ್ನೂ ಬಿಡದೆ ಇಳಿಸಿಕೊಂಡಿದ್ದಾರೆ, ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರಿಗೂ ಇಷ್ಟು ನಿಷ್ಠೆ ಇರುವುದಿಲ್ಲ. ಟಿವಿಯಲ್ಲಿ ಚರ್ಚೆಗೆಂದು ಒಂದಷ್ಟು ಜನರನ್ನು ಒಂದೊಂದು ಚೌಕದೊಳಗೆ ಕೂರಿಸಿ ಕೂಗಿಸುತ್ತಿದ್ದಾರೆ. ಅವರಲ್ಲಿ ಒಬ್ಬರೂ ಲಾಂಡ್ರಿಯ ಬಾಗಿಲು ಕಂಡವರಲ್ಲ ಎಂದು ಅವರು ‘ಒಗೆಯುವ ಬಂಧುಗಳು’ ಅಂದಾಗಲೇ ತಿಳಿಯಿತು.

ಇದಕ್ಕಿಂತ ನನಗೆ ಸಂಕಟವಾದದ್ದು ಆ ಹುಡುಗಿಯ ತಾಯಿಯನ್ನು ನೋಡಿ. ಅವಳ ಮುಖಕ್ಕೆ ಮೈಕು ಹಿಡಿದು ‘ನಿಮಗೆ ಎಷ್ಟು ನೋವಾಯ್ತಮ್ಮಾ’ ಎಂದು ಕೇಳಿದರು. ಅವಳು ‘ಹೋಗ್ಲಿ ಬಿಡಿ, ಬಾಯಿತಪ್ಪಿ ಅಂದಿರ್ತಾರೆ’ ಅಂದಳು. ಅದು ಸಾಲಲಿಲ್ಲ. ಮತ್ತೆ ಕೇಳಿದರು, ಮತ್ತೆ ಕೇಳಿದರು, ಅವಳು ಅಳುವವರೆಗೂ ಕೇಳಿದರು. ಸಂಜೆಯ ಹೊತ್ತಿಗೆ ಅವಳ ‘ಹೋಗ್ಲಿ ಬಿಡಿ’ ಮಾಯವಾಗಿ ಅಳು ಮಾತ್ರ ಉಳಿದಿತ್ತು, ಹಿಂದೆ ಪಿಟೀಲು ಬೇರೆ. ಕಣ್ಣೊರೆಸಿಕೊಳ್ಳುವಾಗ ಅವಳ ಉಗುರುಗಳನ್ನು ನೋಡಿದೆ, ನನ್ನ ಉಗುರುಗಳ ಹಾಗೇ ಅಂಚು ತಿಂದುಹೋಗಿ ಬೆಳ್ಳಗಾಗಿವೆ. ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂರೋಣ ಅನ್ನಿಸಿತು. ಎಲ್ಲಿಗೆಂದು ಹೋಗಲಿ?

ನಮ್ಮ ಲಾಂಡ್ರಿಯಲ್ಲೂ ಒಂದೆರಡು ದಿನ ಯಾರೂ ನನ್ನ ಜೊತೆ ಮಾತಾಡಲಿಲ್ಲ. ನೀನು ನನ್ನ ಮಗಳೆಂದು ಅಲ್ಲಿ ಗೊತ್ತಿಲ್ಲದವರು ಯಾರಿದ್ದಾರೆ? ಇಸ್ತ್ರಿ ರೋಲರಿಗೆ ಹಾಸಿಗೆಯ ಚಾದರ ಕೊಡುವಾಗ ನನ್ನ ಎದುರು ತುದಿ ಹಿಡಿಯುವ ದೊಡ್ಡಕ್ಕ, ನೀನು ಹುಟ್ಟಿದಾಗ ನಿನಗೆ ಮೊದಲ ಸ್ನಾನ ಮಾಡಿಸಿದವಳು, ಅವಳೂ ಮುಖ ಕೊಡದೆ ಬಟ್ಟೆ ಎಳೆಯುತ್ತಿದ್ದಳು. ಕೊನೆಗೆ ತಡೆಯಲಾರದೆ, ಹಾಲು ಸೀದ ಕಥೆಯನ್ನು ಎಲ್ಲರೆದುರು ಹೇಳಿದೆ. ದೊಡ್ಡಕ್ಕ ಚಾದರದ ತುದಿ ಮಡಚುತ್ತಾ, ‘ಹಂಗಂತ ಆ ಟಿವಿಯೋರಿಗೆ ಹೇಳೇ, ನಮಗೆ ಹೇಳಿ ಏನಾಗ್ಬೇಕು’ ಅಂದಳು. ಅವಳ ಮಾತು ಸರಿ ಅನ್ನಿಸಿತು. ‘ಮನೆ ವಿಷಯ ಹೊರಗೆ ಬೇಡಮ್ಮಾ, ನಿನ್ನ ಮುಂದೆ ಮೈಕು ಹಿಡಿದು ಪ್ರಾಣ ತಿಂತಾರೆ’ ಎಂದು ನೀನೇ ಹೇಳಿದ್ದೆ, ಇಷ್ಟು ವರ್ಷ ನಾನೂ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಆದರೆ ಈಗ ನಿನ್ನ ತಾಯಿಯೂ ಲಾಂಡ್ರಿಯವಳೇ ಎಂದು ತಿಳಿದರೆ ಆ ಮಾತಿನ ಅರ್ಥವೇ ಬೇರೆಯಾಗುತ್ತದಲ್ಲವಾ? ಆ ಹುಡುಗಿಗೂ ಎದೆ ಸ್ವಲ್ಪ ಹಗುರಾದೀತು.

ಅಷ್ಟರಲ್ಲಿ ನಾನು ಸತ್ತೆ. ‘ನಟಿಯ ತಾಯಿ ಯಾರು? ಇಲ್ಲಿದೆ ಮನಕಲಕುವ ಮಾಹಿತಿ’ ಎಂದು ಒಂದು ಬ್ಲಾಗಿನವರು ಬರೆದರು. ಚಿಕ್ಕಂದಿನಲ್ಲೇ ನಿನ್ನ ತಾಯಿ ತೀರಿಕೊಂಡಳಂತೆ, ನೀನು ಅನಾಥಾಶ್ರಮದ ಮೆಟ್ಟಿಲ ಮೇಲೆ ಮಲಗುತ್ತಿದ್ದೆಯಂತೆ. ನಿನ್ನ ಮೊದಲ ಧಾರಾವಾಹಿಯ ಕಥೆಯನ್ನು ಹಾಗ್‌ಹಾಗೇ ಎತ್ತಿ ನಿನ್ನ ಬಾಳಿಗೆ ಅಂಟಿಸಿದ್ದಾರೆ. ಸಂಜೆಯೊಳಗೆ ಎಲ್ಲರೂ ನನ್ನನ್ನು ಸಾಯಿಸಿ ಮುಗಿಸಿದ್ದರು. ಟೈಲರಕ್ಕ ನಂಬರು ಹುಡುಕಿಕೊಟ್ಟಳು, ಆ ಸುದ್ದಿ ತಾಣಗಳಲ್ಲೊಂದಕ್ಕೆ ಫೋನು ಮಾಡಿದೆ. ಅಲ್ಲಿ ಮಾತಾಡಿದ ಹೆಣ್ಣುಮಗಳು ಒಳ್ಳೆಯವಳೇ, ದನಿಯಲ್ಲೇ ದಣಿವಿತ್ತು. ನಾನು ಬದುಕಿದ್ದೇನೆ ತಾಯಿ, ತಿದ್ದಿ ಅಂದೆ. ‘ಅಮ್ಮಾ, ತಪ್ಪು ತಿಳ್ಕೋಬೇಡಿ, ನೀವು ಬದುಕಿದ್ದೀರಿ ಅನ್ನೋದಕ್ಕೆ ಯಾವುದಾದ್ರೂ ಲಿಂಕ್ ಇದ್ಯಾ?’ ಎಂದು ಕೇಳಿದಳು. ನಾನು ಮಾತಾಡ್ತಾ ಇದ್ದೀನಲ್ಲಮ್ಮಾ ಅಂದೆ. ಹಾಗಲ್ಲ, ಬೇರೆ ಯಾರಾದರೂ ಬರೆದಿರಬೇಕಂತೆ. ಸತ್ತಿದ್ದೀರಿ ಎಂದು ಎಲ್ಲರೂ ಬರೆದಿರುವಾಗ ಬದುಕಿದ್ದೀರಿ ಎಂದು ತಾವೊಬ್ಬರೇ ಹೇಗೆ ಬರೆಯುವುದು ಎಂದಳು. ಫೋನಿಟ್ಟ ಮೇಲೆ ಟೈಲರಕ್ಕನೂ ನಾನೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಆಮೇಲೆ ಮನೆಗೆ ಬಂದು ಒಬ್ಬಳೇ ಕೂತಾಗ ಭಯವಾಯಿತು. ನನ್ನ ಮಾತನ್ನು ನನ್ನಿಂದಲೇ ಕೇಳಿಸಿಕೊಳ್ಳುವವರು ಇಲ್ಲ ಅಂದರೆ ನಾನು ಮಾಡುವುದಾದರೂ ಏನು ಎಂದು ಅಳು ಬಂತು.

ಆದರೆ ಇವತ್ತು ಬೆಳಿಗ್ಗೆ ಪತ್ರಿಕೆಯ ವರದಿಗಾರರೊಬ್ಬರು ಮನೆಗೇ ಬಂದರು. ನಡುವಯಸ್ಸಿನವರು, ಸವೆದ ಚಪ್ಪಲಿ. ಇಷ್ಟು ದಿನದಲ್ಲಿ ನಡೆದುಕೊಂಡು ಬಂದು ಕೇಳಿದವರು ಇವರೊಬ್ಬರೇ. ನಾನು ಎಲ್ಲ ಹೇಳಿದೆ ಗುಂಡು. ಲಾಂಡ್ರಿಯ ವಿಷಯ, ಮೂಗಿನ ವಿಷಯ, ನೀನಂದದ್ದು ತಪ್ಪೇ, ಆದರೆ ಅದರಲ್ಲಿ ವಿಷವಿರಲಿಲ್ಲ ಅನ್ನುವ ವಿಷಯ. ಚಾದರ ಸಾಗಿಸುವ ಗಾಡಿಯೊಳಗೆ ನೀನು ಕಾಲು ಚಾಚಿ ಕೂತಿರುವ ಫೋಟೋ ಇದೆಯಲ್ಲ, ಅದನ್ನೂ ತೋರಿಸಿದೆ, ಫೋನಿನಲ್ಲಿ ತೆಗೆದುಕೊಂಡರು. ನಾಳೆ ಬರುತ್ತದಂತೆ. ನಿನ್ನನ್ನು ಕೇಳದೆ ಹೇಳಿದ್ದಕ್ಕೆ ಬೈಯಬೇಡ, ಕೇಳೋಣವೆಂದರೆ ನಿನ್ನ ಫೋನಿಗೆ ಜೀವವಿಲ್ಲ. ನಾಳೆಯಿಂದ ಎಲ್ಲ ಸರಿಹೋಗುತ್ತದೆ. ಗಲಾಟೆ ತಣ್ಣಗಾದ ಮೇಲೆ ಎರಡು ದಿನ ಇಲ್ಲಿಗೆ ಬಾ. ನಾವಿಬ್ಬರೂ ಹೋಗಿ ಆ ಹುಡುಗಿಯನ್ನೂ ಅವಳ ತಾಯಿಯನ್ನೂ ನೋಡಿ ಬರೋಣ, ಕ್ಯಾಮೆರಾ ಇಲ್ಲದೆ.

ಟೈಲರಕ್ಕ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ದೊಡ್ಡಕ್ಕನ ಕೋಪ ಇಳಿದಿದೆ, ನಿನ್ನ ಕಿವಿ ಹಿಂಡುವುದು ಬಾಕಿಯಿದೆಯಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ನಿದ್ದೆ ಮಾಡು. ಯಾರು ಏನೇ ಬರೆಯಲಿ, ನಿನಗೆ ನಾನಿದ್ದೇನೆ. ನೂರು ವರ್ಷ ಚೆನ್ನಾಗಿ ಬಾಳು.

ನಿನ್ನ
ಅಮ್ಮ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಟೈಲರಕ್ಕ ಫೋನು ಹಿಡಿದು ಬಂದಳು. ಯಾವಾಗಲೂ ಓದಿ ಹೇಳುವವಳು ಬಾಗಿಲಲ್ಲೇ ನಿಂತು ಫೋನು ಚಾಚಿದಳು, ನಾನೇ ಇಸಿದುಕೊಂಡು ಓದಿದೆ. ನಿನ್ನ ಕ್ಷಮಾಪಣೆ. ‘ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ನನಗೆ, ಯಾವ ಮಾತು ಯಾರಿಗೆ ನೋವು ಕೊಡುತ್ತದೆಂದು ಹೇಳಿಕೊಡುವವರು ಇರಲಿಲ್ಲ.’ ನೀನು ಬರೆದಿರಲಾರೆ. ನಿನ್ನ ಆಫೀಸಿನವರು ಆ ಬ್ಲಾಗು ನೋಡಿ ಬರೆದಿರುತ್ತಾರೆ, ನೀನು ಓದದೆ ಸಹಿ ಹಾಕಿರುತ್ತೀಯ. ಓದಿ ಹಾಕಿದ್ದರೂ ಏನು ಮಾಡುವುದು, ಅಷ್ಟು ಜನ ಮೇಲೆ ಬಿದ್ದರೆ ಯಾರಿಗಾದರೂ ದಿಕ್ಕು ತೋಚುವುದಿಲ್ಲ. ನಿನ್ನೆಯವರೆಗೆ ಬೈದವರೆಲ್ಲ ಈಗ ಅಯ್ಯೋ ಪಾಪ ಅನ್ನುತ್ತಿದ್ದಾರೆ, ಆ ಮಟ್ಟಿಗೆ ಒಳ್ಳೆಯದೇ ಆಯಿತು. ಆದರೆ ನಾಳೆ ನನ್ನ ಮಾತು ಅಚ್ಚಾದರೆ ನೀನು ಸುಳ್ಳಿ ಆಗುತ್ತೀಯ, ಆಮೇಲೆ ನಿನ್ನನ್ನು ಯಾರೂ ಉಳಿಸಲಾರರು. ಅದಕ್ಕೇ ಆ ವರದಿಗಾರರಿಗೆ ಈಗಷ್ಟೇ ಫೋನು ಮಾಡಿದೆ. ಅವಳ ತಾಯಿ ನಾನಲ್ಲ ಸ್ವಾಮಿ, ಒಬ್ಬಳೇ ಇರುವವಳು, ಟಿವಿ ನೋಡೀ ನೋಡೀ ಹಾಗನ್ನಿಸಿಬಿಟ್ಟಿತು, ನನ್ನ ತಲೆ ನೆಟ್ಟಗಿಲ್ಲ ಅಂದೆ. ಫೋಟೋದಲ್ಲಿರುವ ಮಗು ಯಾರೆಂದು ಕೇಳಿದರು. ಯಾರದೋ ಮಗು ಅಂದೆ. ಅವರು ನಂಬಲಿಲ್ಲ ಅಂತ ಕಾಣುತ್ತದೆ, ಆದರೂ ಸರಿಯಮ್ಮಾ ಅಂದರು. ಟೈಲರಕ್ಕನ ಕೈಲೂ ಮಾತು ತೆಗೆದುಕೊಂಡಿದ್ದೇನೆ, ಲಾಂಡ್ರಿಯವರಿಗೆ ನಾಳೆ ಬೆಳಿಗ್ಗೆ ಹೇಳುತ್ತೇನೆ. ಯಾರಾದರೂ ನನ್ನ ಫೋಟೋ ಹಿಡಿದು ನಿನ್ನ ಹತ್ತಿರ ಬಂದರೆ, ಈಕೆ ಯಾರೋ ಗೊತ್ತಿಲ್ಲ ಅಂದುಬಿಡು. ನಾನು ಹೇಳಿರುವುದೂ ಅದನ್ನೇ, ಇಬ್ಬರ ಮಾತೂ ಒಂದೇ ಇರಲಿ.