ಕುದುರೆಯ ಕಾಲಡಿಯ ಹಾವು

ಏಪ್ರಿಲ್ ೨೬
ಇವತ್ತೂ ಮ್ಯೂಸಿಯಂ ಲ್ಯಾಬಿನಲ್ಲಿ ರೋಮನ್ನರ ಕಂಚಿನ ನಾಣ್ಯ ಉಜ್ಜಿದ್ದೇ ಉಜ್ಜಿದ್ದು. ಮನಸ್ಸೆಲ್ಲ ಅಮ್ಮನ ಹೊಟ್ಟೆಯ ಗಡ್ಡೆಯ ಮೇಲೆ. ಆಪರೇಷನ್ ಸಂತ ಗೆಯೋರ್ಗಿಯ ಹಬ್ಬ ಕಳೆದ ಮೇಲೆ. ಅವಳದು ಒಂದೇ ಹಟ: ಕುದುರೆಯೇರಿ ಹಾವು ಕೊಂದ ಆ ಸಂತನ ಕಾಸು ಕೈಗೆ ಬಾರದೆ ಆಪರೇಷನ್‌ಗೆ ಒಪ್ಪಲಾರಳಂತೆ. ಅಪ್ಪ ದ್ರಾಕ್ಷಿತೋಟ ಅಗೆಯುವಾಗ ಸಿಕ್ಕಿದ್ದು. "ಹಬ್ಬ ಬಂತು, ತೊಳ್ಕೊಂಡು ಬಾರೇ," ಎಂದು ದೇವರಪಟದಿಂದ ತಾನೇ ಬಿಚ್ಚಿ ಕೊಟ್ಟಳು. ಅದು ಸಂತ ಅಲ್ಲ, ಸಂತನಿಗಿಂತ ಮುಂಚೆ ಇಲ್ಲಿದ್ದ ಥ್ರೇಸಿನ ಜನರ ಕುದುರೆ ಸವಾರ ದೇವರು ಅಂದೆ.
"ಕುದುರೆ ಇದೆ. ಕಾಲಡಿ ಹಾವಿದೆ. ಸಂತ ಅಲ್ದೆ ಇನ್ಯಾರು? ನಿನ್ನ ಡಿಗ್ರಿ ನೀನೇ ಇಟ್ಕೋ!"

ಏಪ್ರಿಲ್ ೨೯
ಅಮ್ಮನ ಕಾಸಿಗೆ ಭೂತಗನ್ನಡಿ ಇಟ್ಟೆ. ಕುದುರೆಯ ಕಾಲಡಿ ಪುಡಿ ಉದುರುವ ಹಸಿರು ಗಂಟು. ಕಂಚಿಗೆ ಹಿಡಿಯುವ ರೋಗ. ಬಿಟ್ಟರೆ ಇಡೀ ನಾಣ್ಯ ತಿನ್ನುತ್ತದೆ. ಯೋಚನೆ ಎಲ್ಲೋ, ಕೈ ಎಲ್ಲೋ. ಕೆರೆದೆ. ಪೂರಾ ಬಂತು. ಕೆಳಗೆ ಬರೀ ಕಂಚು.
ಆಮೇಲೆ ಹೊಳೆಯಿತು. ಅಯ್ಯೋ, ಆ ಗಂಟೇ ಅಮ್ಮನ ಹಾವು!
ಪಕ್ಕದ ಟೇಬಲ್ಲಿನ ಬಿಸೆರ್‌ಗೆ ನಗು. "ಬಿಡೇ ರದಾ, ಒಂಚೂರು ಹಸಿರು ಮೇಣ ಮೆತ್ತು. ನಿಮ್ಮಮ್ಮ ಏನು ಭೂತಗನ್ನಡಿ ಹಿಡ್ಕೊಂಡು ಕೂತಿರ್ತಾರಾ?"

ಮೇ ೨
ಮೇಣದ ಹಾವು ಮಾಡಿದೆ. ಥೂ, ಎರೆಹುಳ. ಕಿತ್ತೆ. ಮತ್ತೆ ಮಾಡಿದೆ. ಮತ್ತೆ ಕಿತ್ತೆ. ಅಮ್ಮನ ಫೋನು.
"ಕಾಸೆಲ್ಲೇ?"
"ಒಣಗ್ತಿದೆ ಅಮ್ಮ."
"ಇಷ್ಟು ದಿನ ಒಣಗಕ್ಕೆ ಅದೇನು ಕಂಬಳಿನಾ?"

ಮೇ ೪
ಆಪರೇಷನ್ ನಾಳೆಯೇ ಅಂತೆ. ಆರನೇ ತಾರೀಖು ಗೆಯೋರ್ಗಿಯ ಹಬ್ಬ, ರಜೆ, ಅಲ್ಲಿಯವರೆಗೆ ಕಾಯುವುದು ಬೇಡ ಅಂದರಂತೆ ಡಾಕ್ಟರು. ಮೇಣ ಹಚ್ಚಲೋ… ಬೇಡವೋ…

ಮೇ ೫, ಬೆಳಿಗ್ಗೆ
ಹಚ್ಚಲಿಲ್ಲ. ಧೈರ್ಯ ಗೀರ್ಯ ಏನಲ್ಲ, ರಾತ್ರಿ ಮಾಡಿದ್ದೂ ಎರೆಹುಳವೇ ಆಯಿತು. ವಾರ್ಡಿನಲ್ಲಿ ಅಮ್ಮ ಕಾಸನ್ನು ಹೆಬ್ಬೆರಳಿನಿಂದ ಸವರಿದಳು. ಬೆರಳಿಗೇ ಗೊತ್ತಾಯಿತು.
"ಹಾವೆಲ್ಲಿ?"
"ಅದು ರೋಗ ಅಮ್ಮ. ಬಿಟ್ರೆ ಕಾಸನ್ನೇ ತಿಂದುಬಿಡ್ತಿತ್ತು. ಕೆರೆದು ತೆಗ್ದೆ…"
ಅವಳು ಅದೇ ಜಾಗವನ್ನು ಮತ್ತೆ ಸವರಿದಳು. ಬೈದಿದ್ದರೆ ವಾಸಿಯಿತ್ತು.
"ಕುದುರೆಗೇನೂ ಆಗ್ಲಿಲ್ವಾ?"
"ಇಲ್ಲ."
"ಸವಾರಂಗೆ?"
"ಅವನಿಗೂ ಏನಾಗಿಲ್ಲ."
"ಹಂಗಾದ್ರೆ ಸರಿ. ಕರಿ ಡಾಕ್ಟ್ರನ್ನ." "ಕಾಸು ಒಳಗೆ ಬಿಡಲ್ವಂತೆ, ನೀನೇ ಹಿಡ್ಕೊಂಡಿರು," ಎಂದು ನನ್ನ ಅಂಗೈಗೆ ಒತ್ತಿದಳು.

ಮಧ್ಯಾಹ್ನ
ಆಪರೇಷನ್ ಥಿಯೇಟರಿನ ಬಾಗಿಲು ಇನ್ನೂ ತೆರೆದಿಲ್ಲ. ಕೂರಲಾರೆ, ನಿಲ್ಲಲಾರೆ. ಸಂತನೋ, ಸವಾರನೋ— ಯಾರಾದರೂ ಸರಿ, ಅಮ್ಮನನ್ನು ಉಳಿಸಿದರೆ ಸಾಕು, ಹೆಸರು ಕೇಳುವುದಿಲ್ಲ. ಕೈಬೆವರು ಕಂಚಿಗೆ ಒಳ್ಳೆಯದಲ್ಲ, ಗೊತ್ತು. ಆದರೂ ಮುಷ್ಟಿ ಬಿಚ್ಚಲಾರೆ. ಯಾರೋ ಹೊರಗೆ ಬಂದರು… ಮಾಸ್ಕ್ ತೆಗೆಯುತ್ತಿದ್ದಾರೆ, ನನ್ನ ಕಡೆಗೇ—