ಮೋಡದ ಪಕ್ಕದ ಕ್ಯಾಬಿನ್

ಮಾರ್ಚ್ 4, ಸಂಜೆ

ಇವತ್ತೂ ಗೋದಾಮು. ಬೋಲ್ಟುಗಳನ್ನು ಅಳತೆ ನೋಡಿ ಡಬ್ಬಿಗೆ ತುಂಬುವುದು. ಕಿಟಕಿಯಿಂದ ನನ್ನ ಕ್ರೇನ್ ಕಾಣುತ್ತದೆ. ಯಾರೋ ಹೊಸಬ ಓಡಿಸುತ್ತಿದ್ದಾನೆ — ತಿರುಗಿಸುವಾಗ ಜಗ್ಗುತ್ತಾನೆ. ಹೊಟ್ಟೆ ಉರಿಯಿತು.

ಕಂಪನಿ ಡಾಕ್ಟರದು ಒಂದೇ ಮಾತು: "ಬಿಪಿ ಹತೋಟಿಗೆ ಬರೋವರೆಗೂ ಮೇಲೆ ಹತ್ತೋ ಹಾಗಿಲ್ಲ. ಮಾತ್ರೆ ತಪ್ಪಿಸ್ಬೇಡಿ. ತೂಕ ಇಳಿಸಿ."

ಇಷ್ಟು ವರ್ಷ ಮೋಡದ ಪಕ್ಕ ಕೂತು ದುಡಿದವನು. ನೆಲದ ಮೇಲೆ ಎಲ್ಲವೂ ತೀರಾ ಹತ್ತಿರ. ಗೋಡೆ, ಜನ, ಸದ್ದು...

ಮಾರ್ಚ್ 7

ಆಹಾರ ಸಲಹೆ ಕೊಡುವ ಮೇಡಂ ಹತ್ತಿರ ಹೋದೆವು, ನಾನೂ ನನ್ನವಳೂ. ಬೈಗುಳಕ್ಕೆ ಸಿದ್ಧನಾಗಿದ್ದೆ. ಬೈಯಲಿಲ್ಲ. ತೂಕ ನೋಡಿದರು. ಕುರ್ಚಿ ಎಳೆದು ಎದುರಿಗೇ ಕೂತರು.

"ಮೇಲೆ ಕೂತಾಗ ಏನು ತಿಂತೀರಿ?"

"ಅಂಥದ್ದೇನಿಲ್ಲ ಮೇಡಂ."

ನನ್ನವಳು ಬಾಯಿ ಹಾಕಿದಳು. "ಚಿಪ್ಸು, ಉಪ್ಪು ಹಚ್ಚಿದ ಕಡಲೆಬೀಜ, ಪ್ಯಾಕೆಟ್ ಸೂಪು. ಖಾಲಿ ಕವರೆಲ್ಲ ಎಸೆಯೋಳು ನಾನೇ ಅಲ್ವಾ?"

ಮೇಡಂ ನಕ್ಕರು. "ಹಸಿವಾಗಿ ತಿಂತೀರೋ, ಸುಮ್ನೆ ತಿಂತೀರೋ?"

ಯಾರೂ ಹೀಗೆ ಕೇಳಿರಲಿಲ್ಲ. ಗಾಳಿ ಬಂದರೆ ಕ್ಯಾಬಿನ್ ತೊಟ್ಟಿಲಿನ ಹಾಗೆ ತೂಗುತ್ತದೆ. ಸುತ್ತ ಬರೀ ಬಿಳಿ. ಮಾತಾಡಲು ಒಂದು ಜೀವವೂ ಇರುವುದಿಲ್ಲ. ಬಾಯಿ ಆಡುತ್ತಿದ್ದರೆ ಪಕ್ಕದಲ್ಲಿ ಯಾರೋ ಕೂತ ಹಾಗೆ... ಅದನ್ನೇ ಹೇಳಿದೆ.

ನನ್ನವಳು ತಿರುಗಿ ನನ್ನನ್ನೇ ನೋಡಿದಳು.

ಮಾರ್ಚ್ 9

ಉಪ್ಪು ಕಡಿಮೆ. ಬದಲಿಗೆ ನಿಂಬೆರಸ, ಮೆಣಸು, ಬೆಳ್ಳುಳ್ಳಿ. ತಟ್ಟೆಯ ಅರ್ಧ ತರಕಾರಿ. "ಸುಣ್ಣದ ಗೋಡೆ ನೆಕ್ಕಿದ ಹಾಗಿದೆ" ಎಂದೆ.

"ನಾನೂ ಅದೇ ಗೋಡೆ ನೆಕ್ತಿದೀನಿ. ಎರಡೆರಡು ಅಡುಗೆ ಮಾಡೋಕೆ ನನಗೇನು ತಲೆ ಕೆಟ್ಟಿದೆಯಾ?"

ಊಟವಾದ ಮೇಲೆ ಕಾಲುವೆ ದಂಡೆಯಲ್ಲಿ ನಡೆದೆವು. ಮಂಜು. ದೀಪಗಳು ನೀರಿನೊಳಗೇ ಉರಿಯುತ್ತಿದ್ದ ಹಾಗಿತ್ತು. ಅರ್ಧ ದಾರಿಯಲ್ಲಿ ಅವಳು ಬೆಂಚಿನ ಮೇಲೆ ಕೂತುಬಿಟ್ಟಳು. ಚಪ್ಪಲಿ ಕಚ್ಚುತ್ತಿದೆಯಂತೆ.

ಏಪ್ರಿಲ್ 6

ಮತ್ತೆ ಮೇಡಂ ಹತ್ತಿರ. ತೂಕ ಸ್ವಲ್ಪ ಇಳಿದಿದೆ, ಬಿಪಿಯೂ. ಖುಷಿಯಲ್ಲಿ ನಾನೇ ತಮಾಷೆಗೆ ಅಂದೆ, "ಇವಳದೂ ಒಂದ್ಸಲ ನೋಡಿ ಮೇಡಂ. ದಿನಾ ನನಗೆ ಉಪದೇಶ ಮಾಡ್ತಾಳೆ."

"ಅಯ್ಯೋ, ನನಗೇನಾಗಿದೆ?" ಎನ್ನುತ್ತಲೇ ತೋಳು ಚಾಚಿದಳು.

ಮೇಡಂ ನೋಡಿದರು. ಐದು ನಿಮಿಷ ಸುಮ್ಮನೆ ಕೂರಿಸಿ ಇನ್ನೊಮ್ಮೆ ನೋಡಿದರು. ಮುಖದ ನಗು ಹೋಯಿತು.

"ತಲೆನೋವು, ಸುಸ್ತು... ಏನಾದ್ರೂ ಇದೆಯಾ?"

"ಇದೆ. ಇವರ ಚಿಂತೆಗೆ ಇರಬೇಕು ಅಂದ್ಕೊಂಡೆ."

ನನ್ನದಕ್ಕಿಂತ ಎಷ್ಟೋ ಹೆಚ್ಚು. ಅಲ್ಲಿಂದ ನೇರ ಡಾಕ್ಟರ ಕೋಣೆಗೆ. ಮೆಟ್ಟಿಲು ಹತ್ತುವಾಗ ಅವಳ ಕೈ ಹಿಡಿದುಕೊಂಡೆ. ತಣ್ಣಗಿತ್ತು. ಎಷ್ಟು ಎತ್ತರ ಹತ್ತಿದವನು ನಾನು — ಇವತ್ತು ಒಂದೊಂದೇ ಮೆಟ್ಟಿಲು ಎಣಿಸಿ ಹತ್ತಿದೆ.

ಏಪ್ರಿಲ್ 11, ಮಧ್ಯಾಹ್ನ

ಮಾತ್ರೆ ಶುರುವಾಗಿದೆ. ಮಲಗಿದ್ದಾಳೆ. ಪರದೆ ಉಬ್ಬಿ ಇಳಿಯುತ್ತಿದೆ, ಮನೆಯೇ ನಿಧಾನವಾಗಿ ಉಸಿರಾಡುತ್ತಿರುವ ಹಾಗೆ.

ಅಡುಗೆ ನಾನೇ ಮಾಡಿದೆ. ಕುಂಬಳಕಾಯಿ ಬೇಯಿಸಿ ಮೆಣಸು ಹಾಕಿದೆ. ಎದ್ದು ಒಂದು ಚಮಚ ಬಾಯಿಗಿಟ್ಟಳು.

"ಉಪ್ಪು ಬಿಡಿ, ಇದರಲ್ಲಿ ಕುಂಬಳಕಾಯಿನಾದ್ರೂ ಇದೆಯಾ?"

ನಕ್ಕೆವು. ಕಣ್ಣಲ್ಲಿ ನೀರು ಬರುವಷ್ಟು. ನನಗೆ ನಗು ನಿಂತ ಮೇಲೂ ನೀರು ಬರುತ್ತಿತ್ತು.

ಜೂನ್ 2

ಬರೆಯಲು ಪುರುಸೊತ್ತಿರಲಿಲ್ಲ. ಕಾಲುವೆ, ಸಂತೆ, ಒಲೆ. ಈಗ ಬೆಂಚು ದಾಟಿ ಸೇತುವೆಯವರೆಗೆ ನಡೆಯುತ್ತಾಳೆ. ನಾನೇ ಹಿಂದೆ.

ಇಬ್ಬರ ಬಿಪಿಯೂ ಹತೋಟಿಯಲ್ಲಿದೆ. ಡಾಕ್ಟರು ಒಪ್ಪಿದರು. ಸೋಮವಾರದಿಂದ ಮೇಲೆ. ಖುಷಿಪಡಬೇಕಾದವನು... ಅವಳನ್ನೇ ನೋಡಿದೆ.

"ಹೋಗಿ ಬನ್ನಿ. ನಾನೇನು ಕರಗಿ ಹೋಗ್ತೀನಾ?"

ಜೂನ್ 8, ಊಟದ ಬಿಡುವು, ಕ್ಯಾಬಿನ್

ಮೇಲಿದ್ದೇನೆ. ಊರು ಮಂಜಿನೊಳಗೆ ಮುಳುಗಿದೆ, ಬೇರೆ ಕ್ರೇನುಗಳ ಮೂತಿ ಮಾತ್ರ ಹಡಗಿನ ಕಂಬದ ಹಾಗೆ ತೇಲುತ್ತಿದೆ. ಕೈ ತಾನಾಗಿ ಚೀಲಕ್ಕೆ ಹೋಯಿತು. ಸೇಬು ಸಿಕ್ಕಿತು. ಕಚ್ಚುವ ಮೊದಲೇ ಅವಳ ಫೋನು.

"ಊಟ ಆಯ್ತಾ?"

"ಆಯ್ತು. ನಿನ್ನ ಮಾತ್ರೆ?"

"ಆಯ್ತು ರೀ. ಅಲ್ಲಿಂದ ಏನು ಕಾಣುತ್ತೆ? ಯಾವತ್ತೂ ಹೇಳೇ ಇಲ್ಲವಲ್ಲ ನೀವು. ಹೇಳಿ, ಕೇಳ್ತೀನಿ."

ಸ್ಪೀಕರಿನಲ್ಲಿ ಇಟ್ಟಿದ್ದೇನೆ. ಕಾಯುತ್ತಿದ್ದಾಳೆ. ಎಲ್ಲಿಂದ ಶುರು ಮಾಡಲಿ? ಎಡಗಡೆಯಿಂದ. ಅಲ್ಲಿ ಒಂದು ಮೋಡ —